ನೆಲ ನಮ್ಮದು, ತಂತಿ ದಿಲ್ಲಿಯದು!



ಈ ಪತ್ರಿಕೆ ಕೈಗೆ ಬಂದ ಕೂಡಲೇ ಒಂದು ಕೆಲಸ ಮಾಡಿ. ಮನೆಯಿಂದ ಹೊರಗೆ ಬನ್ನಿ. ನಿಮ್ಮ ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡಿ. ದೀಪದ ಕಂಬದಿಂದ ಹೊಂಗೆ ಮರಕ್ಕೆ, ಹೊಂಗೆ ಮರದಿಂದ ಎದುರು ಮನೆಯ ಮಹಡಿಗೆ, ಅಲ್ಲಿಂದ ಮತ್ತೊಂದು ಕಂಬಕ್ಕೆ ಜೋತುಬಿದ್ದಿರುವ ಕರೀ ಕೇಬಲ್‌ಗಳನ್ನು ಎಣಿಸಿ. ಹತ್ತಕ್ಕೆ ನಿಲ್ಲುವುದಿಲ್ಲ, ಇಪ್ಪತ್ತಕ್ಕೂ ನಿಲ್ಲುವುದಿಲ್ಲ. ಮಿಕ್ಕಿದ್ದನ್ನು ಸುರುಳಿ ಸುತ್ತಿ ಹಸುವಿನ ಕೊರಳಿಗೆ ಹಗ್ಗ ಹಾಕಿದಂತೆ ಮರದ ಕೊಂಬೆಗೆ ನೇತುಹಾಕಿರುತ್ತಾರೆ. ಯಾವ ಕೇಬಲ್ ಯಾರದ್ದು? ಯಾವುದು ಬಳಕೆಯಲ್ಲಿದೆ, ಯಾವುದು ಸತ್ತು ಹತ್ತು ವರ್ಷವಾಯಿತು? ನಿಮಗೆ ಗೊತ್ತಿಲ್ಲ. ನಿಮ್ಮ ವಾರ್ಡಿನ ಇಂಜಿನಿಯರಿಗೂ ಗೊತ್ತಿಲ್ಲ. ಆತನಿಗೆ ಗೊತ್ತಿರಬೇಕು ಎಂದು ಹೇಳುವ ಧೈರ್ಯ ವಿಧಾನಸೌಧಕ್ಕೂ ಇದ್ದಂತಿಲ್ಲ!

ಇನ್ನು ತಲೆ ತಗ್ಗಿಸಿ ನೋಡಿ. ಹೋದ ತಿಂಗಳು ಟಾರು ಹಾಕಿದ ರಸ್ತೆಯ ಅಂಚಿನಲ್ಲಿ ಹೊಸ ಗುಂಡಿ. ಅದರ ಸುತ್ತ ಹರಿದ ಪ್ಲಾಸ್ಟಿಕ್ ಪಟ್ಟಿ. ಪಟ್ಟಿಯ ಮೇಲೆ ಏನೋ ಬರೆದಿದೆ. ಕನ್ನಡದಲ್ಲಲ್ಲ.

ನಮ್ಮ ಬೀದಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಯಂತ್ರವೊಂದು ಬಂದು ನಿಂತಿತು. ರಸ್ತೆಯ ಈ ತುದಿಯಲ್ಲಿ ಒಂದು ಗುಂಡಿ, ಆ ತುದಿಯಲ್ಲಿ ಇನ್ನೊಂದು. ನಡುವೆ ರಸ್ತೆ ಅಗೆಯುವುದಿಲ್ಲ. ಯಂತ್ರ ಕಬ್ಬಿಣದ ಸರಳನ್ನು ತಿರುಗಿಸುತ್ತಾ ನೆಲದೊಳಗೆ ಅಡ್ಡಡ್ಡ ನುಗ್ಗಿಸುತ್ತದೆ. ಆಚೆ ಗುಂಡಿಯಲ್ಲಿ ಸರಳಿನ ತಲೆ ಹೊರಬಂದ ಮೇಲೆ ಅದಕ್ಕೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೊಳವೆ ಕಟ್ಟಿ ಹಿಂದಕ್ಕೆ ಎಳೆಯುತ್ತದೆ. ಆ ಕೊಳವೆಯೊಳಗೆ ಆಮೇಲೆ ಕೇಬಲ್ ಹೋಗುತ್ತದೆ. ಒಳ್ಳೆಯ ವಿದ್ಯೆಯೇ, ರಸ್ತೆ ಉಳಿಯುತ್ತದೆ. ಆದರೆ ನೆಲದೊಳಗೆ ಏನಿದೆ ಎಂಬ ನಕ್ಷೆ ಕೈಯಲ್ಲಿಲ್ಲದೆ ಸರಳು ನುಗ್ಗಿಸಿದರೆ ಅದು ಕುರುಡನ ಕೈಯ ಭರ್ಜಿ. ನಮ್ಮ ಬೀದಿಯಲ್ಲಿ ಅದು ನೇರವಾಗಿ ಕಾವೇರಿ ನೀರಿನ ಕೊಳವೆಗೆ ಹೊಕ್ಕಿತು. ಬೆಳಗ್ಗೆ ನೋಡಿದರೆ ಯಂತ್ರವೂ ಇಲ್ಲ, ಮೇಸ್ತ್ರಿಯೂ ಇಲ್ಲ. ಬೀದಿ ತುಂಬ ಕೆಸರು ನೀರು. ಮೂರು ದಿನ ಟ್ಯಾಂಕರ್ ತರಿಸಿಕೊಂಡೆವು, ದುಡ್ಡು ನಮ್ಮದೇ.

ಗುಂಡಿ ಮುಚ್ಚಲು ನಾಲ್ಕನೇ ದಿನ ಬಂದ ಹುಡುಗ ದೇವದುರ್ಗದ ಕಡೆಯವನು. ಮಾತಾಡಿಸಿದೆ. "ಯಾವ ಕಂಪನಿದಪ್ಪಾ ಇದು?" ಎಂದೆ. "ನಮಗೇನ್ ಗೊತ್ರೀ ಸರ, ಗುತ್ತೇದಾರ ಅಗಿ ಅಂದ, ಅಗದೀವಿ. ಮುಚ್ಚು ಅಂದ, ಮುಚ್ಚಾಕ ಬಂದೀವಿ" ಎಂದ. ಅವನ ಕಾಲ ಬಳಿಯೇ ಎಚ್ಚರಿಕೆಯ ಪಟ್ಟಿ ಬಿದ್ದಿತ್ತು. ಏನು ಬರೆದಿದೆ ಓದು ಎಂದೆ. ನಕ್ಕುಬಿಟ್ಟ. ಕನ್ನಡ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವನಂತೆ. ಕನ್ನಡದಲ್ಲಿ ಬರೆದಿದ್ದರೆ ಓದುತ್ತಿದ್ದ. ನೆಲದೊಳಗೆ ಇಳಿಯುವವನು ಕನ್ನಡಿಗ, ಅವನ ಜೀವ ಕಾಯಬೇಕಾದ ಅಕ್ಷರ ಮಾತ್ರ ಇಂಗ್ಲಿಷು!

ನಗರಪಾಲಿಕೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸಭ್ಯರೇ, ಕುರ್ಚಿ ಕೊಟ್ಟರು. ಆಮೇಲೆ ಹೇಳಿದ ಮಾತು ಇದು: "ಅದು ನಮ್ಮ ಕೈಲಿಲ್ಲ ಸಾರ್. ಸೆಂಟ್ರಲ್‌ದು."

ಬಂಧುಗಳೇ, ಈ "ನಮ್ಮ ಕೈಲಿಲ್ಲ" ಎಂಬ ಮಾತಿನ ಬೇರು ಎಲ್ಲಿದೆ ಎಂದು ನೋಡೋಣ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಪಟ್ಟಿಯ 31ನೇ ನಮೂದು ಅಂಚೆ, ತಂತಿ, ದೂರವಾಣಿ, ನಿಸ್ತಂತುಗಳನ್ನು ದಿಲ್ಲಿಗೆ ಕೊಟ್ಟಿದೆ. ರಾಜ್ಯಪಟ್ಟಿಯಲ್ಲಿ 5ನೇ ನಮೂದು ಸ್ಥಳೀಯ ಆಡಳಿತ, 13ನೇ ನಮೂದು ರಸ್ತೆ, 18ನೇ ನಮೂದು ಭೂಮಿ, 49ನೇ ನಮೂದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ. ಅಂದರೆ ತಂತಿಯೊಳಗೆ ಹರಿಯುವ ಮಾತು ದಿಲ್ಲಿಯ ಲೆಕ್ಕ, ತಂತಿ ಮಲಗುವ ಮಣ್ಣು ನಮ್ಮ ಲೆಕ್ಕ. ಮನೆಗೆ ಬಾಡಿಗೆಗೆ ಬಂದವನು ಮನೆಯವರನ್ನು ಕೇಳದೆ ಗೋಡೆಗೆ ಮೊಳೆ ಹೊಡೆಯಬಾರದು, ಅಷ್ಟೇ ಸರಳ. ಬಿಳಿಯರಿಗೂ ಇದು ಅರ್ಥವಾಗಿತ್ತು. 1885ರ ಭಾರತೀಯ ತಂತಿ ಕಾಯಿದೆಯನ್ನು ತೆಗೆದು ನೋಡಿ. ಸ್ಥಳೀಯ ಸಂಸ್ಥೆಯ ಸ್ವತ್ತಿನ ಮೇಲೆ ತಂತಿ ಎಳೆಯಬೇಕಾದರೆ ಆ ಸಂಸ್ಥೆಯ ಅನುಮತಿ ಬೇಕು ಎಂದು ಅದರ 10ನೇ ಸೆಕ್ಷನ್ ಹೇಳುತ್ತಿತ್ತು. ಪರದೇಶಿ ಸರ್ಕಾರ ನಮ್ಮ ಮುನಿಸಿಪಾಲಿಟಿಯನ್ನು ಕೇಳಿ ಕಂಬ ನೆಡುವ ಮರ್ಯಾದೆ ಇಟ್ಟುಕೊಂಡಿತ್ತು!

ನಮ್ಮದೇ ಸರ್ಕಾರ ಬಂದ ಮೇಲೆ ಏನಾಯಿತು? 2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದಾರಿಹಕ್ಕಿನ ನಿಯಮಗಳನ್ನು ತಂದಿತು. ಕೇಬಲ್ ಹೂಳುವ ಅಥವಾ ಗೋಪುರ ನಿಲ್ಲಿಸುವ ಅರ್ಜಿ ಬಂದರೆ 60 ದಿನದೊಳಗೆ ಸ್ಥಳೀಯ ಸಂಸ್ಥೆ ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ನೆಲದಡಿಯ ಕೇಬಲ್ ಅರ್ಜಿ ಪರಿಶೀಲನೆಗೆ ಕಿಲೋಮೀಟರಿಗೆ 1000 ರೂಪಾಯಿ, ನೆಲದ ಮೇಲಿನ ಗೋಪುರಕ್ಕೆ ಅರ್ಜಿಯೊಂದಕ್ಕೆ 10,000 ರೂಪಾಯಿ, ಇದಕ್ಕಿಂತ ಹೆಚ್ಚು ಆಡಳಿತ ಶುಲ್ಕ ಕೇಳಕೂಡದು. ರಸ್ತೆ ದುರಸ್ತಿಯ ಖರ್ಚು ಬೇರೆ, ಅದನ್ನು ಕೇಳಬಹುದು, ಆ ಮಾತನ್ನು ಮುಚ್ಚಿಡುವುದಿಲ್ಲ. 2022ರಲ್ಲಿ ತಿದ್ದುಪಡಿ ಬಂತು. ನಗರದ ಬೀದಿ ಕಂಬಕ್ಕೆ ಸಣ್ಣ ಮೊಬೈಲ್ ಪೆಟ್ಟಿಗೆ ಸಿಕ್ಕಿಸಿದರೆ ವರ್ಷಕ್ಕೆ 300 ರೂಪಾಯಿ, ಹಳ್ಳಿಯಲ್ಲಿ 150. ಕಂಬಕ್ಕೆ ಕೇಬಲ್ ಕಟ್ಟಿದರೆ ವರ್ಷಕ್ಕೆ 100 ರೂಪಾಯಿ. ನೂರು ರೂಪಾಯಿ! ನಿಮ್ಮ ಊರಿನ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿ ವರ್ಷಕ್ಕೆ ಕಟ್ಟುವ ನೆಲಸುಂಕ ಇದಕ್ಕಿಂತ ಹೆಚ್ಚಿರುತ್ತದೆ. 2025ರ ಜನವರಿ 1ರಿಂದ ಹೊಸ ನಿಯಮಗಳು ಬಂದಿವೆ. ಮೌನವೇ ಸಮ್ಮತಿ ಎಂಬ ಪದ್ಧತಿ ಅದರಲ್ಲೂ ಉಳಿದಿದೆ.

ಮೌನವೇ ಸಮ್ಮತಿಯಂತೆ! ರೈತ ಪಹಣಿ ತಿದ್ದುಪಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಅವನಿಗೆ ಈ ರಿಯಾಯಿತಿ ಏಕಿಲ್ಲ? ಅರವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಪಹಣಿ ತಿದ್ದಿದಂತೆ ಎಂದು ಯಾವ ಸರ್ಕಾರವಾದರೂ ಹೇಳಿದೆಯೇ?

ಇನ್ನು ತೆರಿಗೆಯ ವಿಷಯ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ, ಏಕೆಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಅನ್ನದ ಪ್ರಶ್ನೆ ಇಲ್ಲಿದೆ. ಮೊಬೈಲ್ ಗೋಪುರದ ಮೇಲೆ ಆಸ್ತಿ ತೆರಿಗೆ ಹಾಕಬಹುದೇ ಎಂಬ ಜಗಳ ಗುಜರಾತಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಡಿಸೆಂಬರ್ 16ರಂದು ಕೋರ್ಟು ತೀರ್ಪು ಕೊಟ್ಟಿತು. ಗೋಪುರವೂ 49ನೇ ನಮೂದಿನ ಅರ್ಥದಲ್ಲಿ ಕಟ್ಟಡವೇ, ಅದರ ಮೇಲೆ ತೆರಿಗೆಗೆ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದಿತು. ರಾಜ್ಯಗಳು ಗೆದ್ದವು. ಗೆದ್ದು ಏಳು ವರ್ಷ ತುಂಬಿದ ತಿಂಗಳಿನಲ್ಲೇ, 2023ರ ಡಿಸೆಂಬರಿನಲ್ಲಿ, ಸಂಸತ್ತು ಹೊಸ ದೂರಸಂಪರ್ಕ ಕಾಯಿದೆ ಮಾಡಿತು. ವಿರೋಧ ಪಕ್ಷಗಳ ನೂರಕ್ಕೂ ಹೆಚ್ಚು ಸದಸ್ಯರನ್ನು ಅಮಾನತು ಮಾಡಿ ಹೊರಗಿಟ್ಟಿದ್ದ ಅಧಿವೇಶನ ಅದು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 24ರಂದು ರಾಷ್ಟ್ರಪತಿಗಳ ಅಂಕಿತ. ಮದುವೆ ಊಟದ ಪಂಕ್ತಿ ಕೂಡ ಇಷ್ಟು ಬೇಗ ಏಳುವುದಿಲ್ಲ! ಆ ಕಾಯಿದೆಯ 14ನೇ ಸೆಕ್ಷನ್ ಹೇಳುವುದೇನು? ಒಂದು ಸ್ವತ್ತಿನ ಮೇಲೆ ನಿಲ್ಲಿಸಿದ ದೂರಸಂಪರ್ಕ ಜಾಲವನ್ನು ಆ ಸ್ವತ್ತಿನ ಭಾಗವೆಂದು ಎಣಿಸಬಾರದು, ಆ ಸ್ವತ್ತಿಗೆ ಸಲ್ಲುವ ಆಸ್ತಿ ತೆರಿಗೆ, ಕರ, ಶುಲ್ಕಗಳ ಲೆಕ್ಕಕ್ಕೂ ಎಣಿಸಬಾರದು. 2024ರ ಜೂನ್ 26ರಿಂದ ಇದು ಜಾರಿಯಲ್ಲಿದೆ. ಕೋರ್ಟು ನಮ್ಮ ತಟ್ಟೆಗೆ ಹಾಕಿದ ತುತ್ತಿಗೆ ಸಂಸತ್ತು ಕೈ ಹಾಕಿತು.

ಇನ್ನೊಂದು ತಮಾಷೆ ಕೇಳಿ. 2024ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟು ಬೇರೊಂದು ಪ್ರಕರಣದಲ್ಲಿ, ತೆರಿಗೆ ಹಿಂಪಡೆಯುವ ಲೆಕ್ಕಕ್ಕೆ ಗೋಪುರ ಕಟ್ಟಡವಲ್ಲ, ಬಿಚ್ಚಿ ಸಾಗಿಸಬಹುದಾದ ಚರವಸ್ತು ಎಂದಿತು. ಕಾನೂನಿನ ಪಂಡಿತರು ಎರಡು ತೀರ್ಪಿಗೂ ಕಾರಣ ಬೇರೆ ಬೇರೆ, ತಾಳೆಯಾಗುತ್ತದೆ ಎನ್ನುತ್ತಾರೆ. ಇರಲಿ. ನಾನು ಪಂಡಿತನಲ್ಲ. ನನಗೆ ಕಾಣುವುದು ಇಷ್ಟೇ: ಪಂಚಾಯಿತಿ ಕೇಳಿದಾಗ ಗೋಪುರ ಯಾರ ಆಸ್ತಿಯೂ ಅಲ್ಲ, ಕಂಪನಿ ಕೇಳಿದಾಗ ಅದು ಸಾಮಾನು.

ರಾಜ್ಯದ ಪಟ್ಟಿಯ ತೆರಿಗೆಯ ಮೇಲೆ ಕೇಂದ್ರದ ಕಾಯಿದೆ ಹೀಗೆ ಕೈ ಇಡಬಹುದೇ ಎಂಬುದು ಕೋರ್ಟಿನಲ್ಲಿ ಕೇಳಬೇಕಾದ ಪ್ರಶ್ನೆ. ಕಾವೇರಿಗೆ, ಮಹದಾಯಿಗೆ ವಕೀಲರ ದಂಡು ಕಟ್ಟುವ ನಮ್ಮ ಸರ್ಕಾರಗಳು ಈ ಪ್ರಶ್ನೆಯನ್ನೂ ಕೇಳಲಿ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ನಿಮ್ಮ ಕ್ಷೇತ್ರದವರು ಊರಿಗೆ ಬಂದಾಗ 14ನೇ ಸೆಕ್ಷನ್ ಓದಿದ್ದೀರಾ ಸ್ವಾಮಿ ಎಂದು ಕೇಳಿ. ಹಾರ ಹಾಕುವ ಮುಂಚೆ ಕೇಳಿ.

ಇದನ್ನೆಲ್ಲ ಹೇಳುವಾಗ ಒಂದು ಹೆಮ್ಮೆಯನ್ನೂ ಹೇಳಬೇಕು, ಏಕೆಂದರೆ ದೂರಸಂಪರ್ಕ ಎಂದರೆ ದಿಲ್ಲಿಯವರು ನಮಗೆ ಕೊಟ್ಟ ಭಿಕ್ಷೆ ಎಂದು ತಿಳಿದವರು ನಮ್ಮಲ್ಲೇ ಇದ್ದಾರೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಎಲ್ಲಿ ಹುಟ್ಟಿತು? ಬೆಂಗಳೂರಿನ ದೂರವಾಣಿನಗರದಲ್ಲಿ, 1948ರಲ್ಲಿ, ಐಟಿಐ. ದೇಶದ ಮನೆ ಮನೆಯಲ್ಲಿ ಟ್ರಿಣ್ ಟ್ರಿಣ್ ಎಂದ ಕರೀ ಫೋನು ನಮ್ಮ ನೆಲದಲ್ಲಿ ತಯಾರಾದದ್ದು. ಆ ಬಡಾವಣೆಯ ಹೆಸರನ್ನೇ ನೋಡಿ, ದೂರವಾಣಿನಗರ! ಎಷ್ಟು ಚೆಂದದ ಮಾತು. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ, ಹವಾನಿಯಂತ್ರಣ ಬೇಡದ, ನಮ್ಮ ಬಿಸಿಲು ಧೂಳು ತಡೆಯುವ 128 ಲೈನಿನ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರುಮಾಡಿದ್ದು ಎಲ್ಲಿ ಗೊತ್ತೆ? ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ! ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ತಂತಿ ಎಳೆದ ನಾಡು ಇದು. ಕಂಬ ಎಲ್ಲಿ ನೆಡಬೇಕು, ತಂತಿ ಹೇಗೆ ಎಳೆಯಬೇಕು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇವತ್ತು ಗೋಪುರದ ಅನುಮತಿಯಾಗಲಿ, ವಿಕಿರಣದ ದೂರಾಗಲಿ, ನೀವು ತಟ್ಟಬೇಕಾದ ಬಾಗಿಲುಗಳ ಹೆಸರು ಕೇಳಿ. "ಗತಿಶಕ್ತಿ ಸಂಚಾರ್", "ತರಂಗ್ ಸಂಚಾರ್", "ಸಂಚಾರ್ ಸಾಥಿ". ಕನ್ನಡದಲ್ಲಿ ಸಂಚಾರ ಎಂದರೆ ಓಡಾಟ. ಸಂಚಾರ ಪೊಲೀಸ್ ಎಂದರೆ ಸಿಗ್ನಲ್ಲಿನಲ್ಲಿ ಸೀಟಿ ಊದುವವರು. ನಮ್ಮ ಹಳ್ಳಿಯ ಗೌಡರಿಗೆ "ಸಂಚಾರ್ ಸಾಥಿ" ಎಂದರೆ ಸರ್ಕಾರ ಹೊಸ ಬಸ್ ಪಾಸ್ ಕೊಟ್ಟಿದೆ ಎಂದುಕೊಳ್ಳುತ್ತಾರೆ! ಹಿಂದಿಯಲ್ಲಿ ಆ ಪದಕ್ಕೆ ಸಂಪರ್ಕ ಎಂಬ ಅರ್ಥವಿದೆ ಎಂದು ಅವರಿಗೇಕೆ ಗೊತ್ತಿರಬೇಕು? ಇನ್ನು ಅಗೆಯುವವರಿಗೆಂದು 2023ರ ಮಾರ್ಚ್ 22ರಂದು ಪ್ರಧಾನಿಯವರು ಬಿಡುಗಡೆ ಮಾಡಿದ ಆ್ಯಪ್‌ನ ಹೆಸರು ಇಂಗ್ಲಿಷಿನದು, "ಕಾಲ್ ಬಿಫೋರ್ ಯು ಡಿಗ್". ಅಗೆಯುವ ಮುನ್ನ ಕೇಳು ಎಂದರೆ ಸಾಯುತ್ತಿತ್ತೇ?

ಆ ಆ್ಯಪ್‌ನ ಉದ್ದೇಶ ಸರಿಯಾದದ್ದು, ಅದನ್ನು ತೆಗಳುವುದಿಲ್ಲ. ಜೆಸಿಬಿ ಹಚ್ಚುವ ಮುಂಚೆ ಅದರಲ್ಲಿ ತಿಳಿಸಿದರೆ ಅಲ್ಲಿ ಕೇಬಲ್, ಕೊಳವೆ ಇಟ್ಟವರಿಗೆ ಸುದ್ದಿ ಹೋಗುತ್ತದೆ, ಅವರು ಎಚ್ಚರಿಸಬಹುದು. ತಿಳಿಸುವುದು ಕಡ್ಡಾಯ ಎಂದು 2023ರ ಜನವರಿಯಲ್ಲಿ ನಿಯಮವೂ ಬಂದಿದೆ. 2023ರ ಕಾಯಿದೆಯ ಪ್ರಕಾರ ಬೇಕೆಂದೇ ದೂರಸಂಪರ್ಕ ಜಾಲಕ್ಕೆ ಹಾನಿ ಮಾಡಿದವರಿಗೆ ಪರಿಹಾರದ ಜೊತೆ 50 ಲಕ್ಷ ರೂಪಾಯಿವರೆಗೆ ದಂಡ. ಇರಲಿ, ಆಗಲಿ. ಆದರೆ ಯೋಚಿಸಿ. ಈ ನಿಯಮ ಪಾಲಿಸಬೇಕಾದವರು ಯಾರು? ಬೋರ್‌ವೆಲ್ ಲಾರಿಯವನು, ಜೆಸಿಬಿ ಚಾಲಕ, ಪಾಯ ತೋಡಿಸುವ ಮೇಸ್ತ್ರಿ, ಹೊಲದ ಬದುವಿಗೆ ಕಾಲುವೆ ಎತ್ತುವ ರೈತ. ಇವರಿಗೆ ಅರ್ಥವಾಗುವ ಭಾಷೆಯಲ್ಲಿ ಇದನ್ನು ಹೇಳಿದವರು ಯಾರು? ನಿಮ್ಮ ಊರಿನ ಜೆಸಿಬಿ ಸ್ಟ್ಯಾಂಡಿಗೆ ಹೋಗಿ ಕೇಳಿ ನೋಡಿ, ಹತ್ತರಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಎಂದು.

ಕೇಬಲ್ ಹೂಳುವುದಕ್ಕೂ ಶಿಸ್ತಿದೆ. ದೂರದೂರಿನ ಮಾರ್ಗಗಳಿಗೆ ಬಿಎಸ್‌ಎನ್‌ಎಲ್ ಇಟ್ಟುಕೊಂಡ ಆಳ 1.65 ಮೀಟರ್, ಅಂದರೆ ಆಳೆತ್ತರ. ಮೇಲೆ ದಾರಿಯುದ್ದಕ್ಕೂ ಗುರುತುಕಲ್ಲು. ಹೆದ್ದಾರಿ ಬದಿಯಲ್ಲಿ ನಡೆದು ಹೋಗುವಾಗ ಆ ಕಲ್ಲುಗಳನ್ನು ನೀವು ನೋಡಿದ್ದೀರಿ. ಈಚೆಗೆ ಊರೊಳಗೆ ಕೇಬಲ್ ಹೂಳುವವರು ಎಷ್ಟು ಆಳಕ್ಕೆ ಹೋಗುತ್ತಾರೆ? ನಮ್ಮ ಬೀದಿಯಲ್ಲಿ ಗುಲಾಬಿ ಗಿಡ ನೆಡಲು ತೋಡಿದ ಗುಂಡಿಯಲ್ಲೇ ಕಿತ್ತಳೆ ಕೊಳವೆ ಸಿಕ್ಕಿತು! ಮೇಲೆ ಗುರುತೂ ಇಲ್ಲ, ಕಲ್ಲೂ ಇಲ್ಲ. ನಾಳೆ ಯಾವನೋ ಬಡ ಕೂಲಿಯ ಹಾರೆ ಅದಕ್ಕೆ ತಗುಲಿದರೆ ಅಪರಾಧಿ ಯಾರು?

ನಾಮಫಲಕದ ಕಾನೂನು ನಿಮಗೆಲ್ಲ ನೆನಪಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ, ಆಮೇಲೆ 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಡೆದ ಹೋರಾಟ, 2024ರಲ್ಲಿ ಫಲಕದ ಶೇಕಡಾ 60 ಭಾಗ ಕನ್ನಡ ಎಂಬ ತಿದ್ದುಪಡಿ. ಅಂಗಡಿಯ ಬೋರ್ಡಿಗಾಗಿ ಲಾಠಿ ತಿಂದೆವು, ಜೈಲಿಗೆ ಹೋದೆವು. ತಪ್ಪಲ್ಲ. ಆದರೆ ಬಟ್ಟೆ ಅಂಗಡಿಯ ಬೋರ್ಡು ಓದಲಾಗದಿದ್ದರೆ ಯಾರೂ ಸಾಯುವುದಿಲ್ಲ. ಗೋಪುರದ ಬುಡದಲ್ಲಿ ತೂಗುಹಾಕಿದ ಅಪಾಯದ ಫಲಕ, ಕೇಬಲ್ ಗುಂಡಿಯ ಎಚ್ಚರಿಕೆ ಪಟ್ಟಿ, ನೆಲದೊಳಗಿನ ಗುರುತು, ಇವುಗಳಲ್ಲಿ ಕನ್ನಡ ಇಲ್ಲದಿದ್ದರೆ ಜೀವ ಹೋಗುತ್ತದೆ. ನಾವು ಹೋರಾಟಗಾರರೂ ಈ ಕಡೆ ತಲೆ ಹಾಕಲಿಲ್ಲ. ದೊಡ್ಡ ಬೋರ್ಡುಗಳ ಮೇಲೆ ಕಣ್ಣಿಟ್ಟೆವು, ಕಾಲ ಕೆಳಗಿನದ್ದು ಕಾಣಲಿಲ್ಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳೋಣ.

2023ರ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿಯ ಹೋಪ್ ಫಾರಂ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಆಕೆಯ ಹಸುಗೂಸು ಸುಟ್ಟುಹೋದರು. ಅದು ದೂರಸಂಪರ್ಕದ ಕೇಬಲ್ ಅಲ್ಲ, ವಿದ್ಯುತ್ ತಂತಿಯೇ. ಆದರೆ ಬೀದಿ ತುಂಬ ಕರೀ ಹಗ್ಗಗಳು ತುಂಡಾಗಿ ನೆಲಕ್ಕೆ ಇಳಿಬಿದ್ದಿರುವ ಊರಿನಲ್ಲಿ ನಸುಕಿನಲ್ಲಿ ನಡೆಯುವ ಮನುಷ್ಯ ಕೊಲ್ಲುವ ತಂತಿ ಯಾವುದು, ಕೊಲ್ಲದ್ದು ಯಾವುದು ಎಂದು ಹೇಗೆ ತಿಳಿಯಬೇಕು? ದಿನವೂ ಕೇಬಲ್ ದಾಟಿ ದಾಟಿ ನಮಗೆ ಭಯವೇ ಹೋಗಿದೆ. ಬೆಸ್ಕಾಂನವರು 2024ರಲ್ಲಿ ತಮ್ಮ ಕಂಬಗಳ ಮೇಲಿನ ಅನಧಿಕೃತ ಕೇಬಲ್‌ಗಳನ್ನು ತೆಗೆಯಿರಿ ಎಂದು ಗಡುವು ಕೊಟ್ಟರು, ಕತ್ತರಿಸಿಯೂ ಹಾಕಿದರು. ಕತ್ತರಿಸಿದ ತುಂಡುಗಳನ್ನು ನಮ್ಮ ಬೀದಿಯಲ್ಲಿ ಅಲ್ಲಲ್ಲೇ ಬಿಟ್ಟುಹೋದರು. ಹೊಸವು ಮರಗಳ ಮೇಲೆ ಬಂದವು.

ಹಾಗೆಂದು ಬಂಧುಗಳೇ, ಗೋಪುರ ಎಂದ ಕೂಡಲೇ ಕಲ್ಲು ತೆಗೆದುಕೊಳ್ಳಬೇಡಿ. ಗೋಪುರ ಬಂದರೆ ಬೀದಿಗೆಲ್ಲ ಕ್ಯಾನ್ಸರ್ ಬರುತ್ತದೆ, ಗುಬ್ಬಚ್ಚಿ ಸಾಯುತ್ತವೆ ಎಂದು ಭಾಷಣ ಮಾಡುವ ಪುಢಾರಿಗಳಿದ್ದಾರೆ. ಚಪ್ಪಾಳೆ ಸಿಗುತ್ತದೆ, ಸತ್ಯ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಈ ಅಲೆಗಳನ್ನು "ಸಾಧ್ಯತೆ ಇರಬಹುದು" ಎಂಬ ಗುಂಪಿಗೆ ಸೇರಿಸಿತು, "ಖಂಡಿತ" ಎಂಬ ಗುಂಪಿಗಲ್ಲ. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಗೋಪುರದ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು. ದಿಲ್ಲಿ ಮಾಡಿದ ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಹಿಂಜರಿಕೆಯಿಲ್ಲ. ಇನ್ನೊಂದು ಸಂಗತಿ ತಿಳಿಯಿರಿ. ಗೋಪುರ ದೂರವಾದಷ್ಟೂ ನಿಮ್ಮ ಕೈಯ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕು, ಅದು ಕೂಗುವುದು ನಿಮ್ಮ ಕಿವಿಯ ಪಕ್ಕದಲ್ಲೇ. ಗೋಪುರ ಓಡಿಸಿ ಆರೋಗ್ಯ ಉಳಿಸಿಕೊಂಡೆ ಎನ್ನುವವನ ಲೆಕ್ಕ ತಲೆಕೆಳಗು.

ಹಾಗಾದರೆ ಗೋಪುರದಲ್ಲಿ ಕೇಳಬೇಕಾದ್ದು ಏನು? ಅದು ನಿಂತಿರುವ ಕಟ್ಟಡ ಅದನ್ನು ಹೊರುತ್ತದೆಯೇ ಎಂದು ಕೇಳಿ. ಮೂವತ್ತು ನಲವತ್ತರ ನಿವೇಶನದಲ್ಲಿ ಮೊದಲು ಒಂದು ಮಹಡಿ ಕಟ್ಟಿ, ಆಮೇಲೆ ಬ್ಯಾಂಕಿನ ಸಾಲದಲ್ಲಿ ಎರಡು ಮಹಡಿ ಏರಿಸಿ, ಅದರ ತಲೆಯ ಮೇಲೆ ಟನ್‌ಗಟ್ಟಲೆ ಕಬ್ಬಿಣ, ಬ್ಯಾಟರಿ, ಜನರೇಟರ್ ಇಟ್ಟರೆ ಪಾಯ ಏನೆನ್ನುತ್ತದೆ? ಬಾಡಿಗೆ ಮನೆಯೊಡೆಯನಿಗೆ, ಡೀಸೆಲ್ ಹೊಗೆ ಪಕ್ಕದ ಮನೆಯ ಕೂಸಿಗೆ, ಗಾಳಿಮಳೆಗೆ ಬಿದ್ದರೆ ಕೆಳಗಿನ ಬೀದಿಗೆ. ರಾಜ್ಯ ಸರ್ಕಾರ 2019ರಲ್ಲಿ ಗೋಪುರಗಳಿಗೆ ನಿಯಮಾವಳಿ ತಂದಿದೆ. ನಿಮ್ಮ ಬೀದಿಯ ಗೋಪುರದ ರಚನಾ ಸುರಕ್ಷತೆಯ ಪ್ರಮಾಣಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮ್ಮದು.

ಮಲೆನಾಡಿನ ನಮ್ಮ ಓದುಗರು ಇಷ್ಟು ಓದಿ ನಗುತ್ತಿರಬಹುದು. ಅವರ ಗೋಳು ತಲೆಕೆಳಗು. ಬೆಂಗಳೂರಿನವನಿಗೆ ಗೋಪುರ ಹೆಚ್ಚಾಯಿತು ಎಂಬ ಚಿಂತೆ, ಅವರಿಗೆ ಒಂದೂ ಇಲ್ಲ ಎಂಬ ಚಿಂತೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಗಳು ರಸ್ತೆ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಗೆ ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಆ ಚಿತ್ರ ದೇಶವೆಲ್ಲ ನೋಡಿತು, ಮರುಗಿತು, ಮರೆಯಿತು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ" ಎಂದು ಜನ ಅಭಿಯಾನವನ್ನೇ ಮಾಡಿದರು. ನಾಡಿಗೆ ಬೆಳಕು ಕೊಡಲು ಶರಾವತಿ, ವಾರಾಹಿಯಲ್ಲಿ ಮನೆ ಮಠ ಮುಳುಗಿಸಿಕೊಂಡವರ ಮೊಮ್ಮಕ್ಕಳು ಅವರು.

ದುಡ್ಡಿಲ್ಲವೇ? ದೂರಸಂಪರ್ಕ ಕಂಪನಿಗಳು ತಮ್ಮ ಲೆಕ್ಕದ ಆದಾಯದಲ್ಲಿ ಶೇಕಡಾ 5ನ್ನು ಗ್ರಾಮೀಣ ಸೇವೆಗೆಂದೇ ಇರುವ ನಿಧಿಗೆ ಕಟ್ಟುತ್ತಾ ಬಂದಿವೆ. ಹೊಸ ಕಾಯಿದೆಯಲ್ಲಿ ಅದಕ್ಕೆ "ಡಿಜಿಟಲ್ ಭಾರತ್ ನಿಧಿ" ಎಂದು ಮರುನಾಮಕರಣವಾಯಿತು. ಆ ಹಣ ಕೊನೆಗೆ ನಮ್ಮ ನಿಮ್ಮ ರೀಚಾರ್ಜಿನದ್ದೇ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು ಬಿಎಸ್‌ಎನ್‌ಎಲ್‌ಗೆ ವಹಿಸಿತು. ನಿಮ್ಮ ಹಳ್ಳಿ ಆ ಪಟ್ಟಿಯಲ್ಲಿ ಇತ್ತೇ? ಇದ್ದರೆ ಗೋಪುರ ಎದ್ದಿದೆಯೇ? ಎದ್ದಿದ್ದರೆ ಕರೆಂಟು ಹೋದಾಗ ಅದೂ ಸಾಯುತ್ತದೆಯೇ? ನಿಮ್ಮ ಸಂಸದರಿಗೆ ಕೇಳಬೇಕಾದ ಎರಡನೇ ಪ್ರಶ್ನೆ ಇದು.

ದಿಲ್ಲಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮವರ ಯೋಗ್ಯತೆಯನ್ನೂ ಹೇಳಬೇಕಲ್ಲ! ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂದು ಕೋಟಿಗಟ್ಟಲೆ ಸುರಿದು ರಸ್ತೆಗಳನ್ನು ಕಟ್ಟಿದರು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಪಾದಚಾರಿ ಮಾರ್ಗದ ಕೆಳಗೆ ಕೇಬಲ್‌ಗಳಿಗೆಂದೇ ಕೊಳವೆ ದಾರಿ ಮಾಡಿದರು. ಅಲ್ಲಿ ಇನ್ನು ಯಾರೂ ಅಗೆಯಬೇಕಾಗಿಲ್ಲ, ಮುಚ್ಚಳ ತೆಗೆದು ಕೇಬಲ್ ಎಳೆದರೆ ಆಯಿತು. ಕೂದಲೆಳೆಯಂಥ ಗಾಜಿನ ನೂಲು ತೊಂಬತ್ತಾರು ಸೇರಿದರೂ ಹೆಬ್ಬೆರಳಿನ ದಪ್ಪವಿಲ್ಲ. ಒಂದೇ ಕೊಳವೆ ದಾರಿಯಲ್ಲಿ ಊರಿನ ಎಲ್ಲ ಕಂಪನಿಗಳೂ ಸಂಸಾರ ಮಾಡಬಹುದು. ಹೊಸ ಕಾಯಿದೆಯ 15ನೇ ಸೆಕ್ಷನ್ ಕೂಡ ಸಾಮಾನ್ಯ ಕೊಳವೆ ದಾರಿಯ ಮಾತಾಡುತ್ತದೆ. ಇಷ್ಟಿದ್ದೂ ಒಳ್ಳೆಯ ರಸ್ತೆಗಳ ಮರದ ಮೇಲೂ ಕೇಬಲ್ ಏಕೆ ತೂಗುತ್ತದೆ? ಮರ ಪುಕ್ಕಟೆ, ಕೊಳವೆ ದಾರಿಗೆ ಬಾಡಿಗೆ. ಮರಕ್ಕೆ ಕಟ್ಟಿದವನನ್ನು ಹಿಡಿದು ದಂಡ ಹಾಕುವುದು ನಮ್ಮ ಪಾಲಿಕೆಯ ಕೆಲಸ, ಅದಕ್ಕೆ ಯಾವ ದಿಲ್ಲಿಯ ಅಪ್ಪಣೆಯೂ ಬೇಡ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಒಂದಲ್ಲ ಐದು ಪಾಲಿಕೆಗಳಾದವು. ಈ ಐದರಲ್ಲಿ ಒಂದಾದರೂ ತನ್ನ ನೆಲದಡಿಯ ನಕ್ಷೆ ಮಾಡಿ, ಕನ್ನಡದಲ್ಲಿ ಮಾಡಿ, ವಾರ್ಡು ಕಚೇರಿಯ ಗೋಡೆಗೆ ಅಂಟಿಸಲಿ. ಹಾಗೆ ಮಾಡಿದ ಆಯುಕ್ತರಿಗೆ ನಮ್ಮ ಸಂಘಟನೆಯಿಂದಲೇ ಮೈಸೂರು ಪೇಟ ತೊಡಿಸುತ್ತೇವೆ.

ಗಡುವಿನೊಳಗೆ ಉತ್ತರ ಬರೆಯದೆ ಕಡತದ ಮೇಲೆ ಮಲಗುವವರೂ ನಮ್ಮವರೇ. ಮಲಗಿದರೋ, ಮಲಗಿಸಿದರೋ? ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ ಎಂದಾದಾಗ ಸುಮ್ಮನಿರುವುದಕ್ಕೂ ಒಂದು ಬೆಲೆ ಇರುತ್ತದೆ ಎಂದು ತಿಳಿಯದಷ್ಟು ಮುಗ್ಧರಲ್ಲ ಕನ್ನಡಿಗರು.

ಈಗ ನೀವು ಮಾಡಬೇಕಾದ್ದು. ಬೀದಿಯಲ್ಲಿ ಯಾರಾದರೂ ಅಗೆಯಲು ಬಂದರೆ ಆ ಕೂಲಿಯ ಮೇಲೆ ಕೂಗಾಡಬೇಡಿ, ಅವನಿಗೆ ನೀರು ಕೊಡಿ. ಮೇಸ್ತ್ರಿಯನ್ನು ಕರೆದು ಅನುಮತಿ ಪತ್ರ ಕೇಳಿ. ಯಾವ ರಸ್ತೆಯಿಂದ ಯಾವ ರಸ್ತೆಗೆ, ಎಷ್ಟು ಮೀಟರ್, ಎಷ್ಟು ದಿನ ಎಂದು ಓದಿ, ನೂರು ಮೀಟರಿಗೆ ಅನುಮತಿ ಪಡೆದು ಐನೂರು ಎಳೆಯುತ್ತಿದ್ದರೆ ಅಲ್ಲೇ ಚಿತ್ರ ತೆಗೆಯಿರಿ. ಎಚ್ಚರಿಕೆಯ ಫಲಕ ಕನ್ನಡದಲ್ಲಿ ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಎಂದು ಪಾಲಿಕೆಗೆ ಬರೆಯಿರಿ. ಗೋಪುರದ ವಿಕಿರಣದ ಬಗ್ಗೆ ಅನುಮಾನವಿದ್ದರೆ ಆ "ತರಂಗ್ ಸಂಚಾರ್" ತಾಣದಲ್ಲಿ 4000 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ದೂರಸಂಪರ್ಕ ಇಲಾಖೆಯವರೇ ಬಂದು ಅಳೆಯುವ ವ್ಯವಸ್ಥೆ ಮಾಡಿದ್ದಾರೆ. ಬೀದಿಯವರೆಲ್ಲ ಸೇರಿ ಹಾಕಿಕೊಂಡರೆ ಭಾರವಲ್ಲ.

ಮತ್ತು ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ, ಇಲ್ಲದಿದ್ದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ನಮ್ಮ ವಾರ್ಡಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ಕೇಬಲ್ ಹೂಳಲು ಯಾರಿಗೆ, ಎಷ್ಟು ಮೀಟರಿಗೆ ಅನುಮತಿ ಕೊಟ್ಟಿದ್ದೀರಿ, ಎಷ್ಟು ಅರ್ಜಿಗಳು ಉತ್ತರ ಕೊಡದೆ ತಾನಾಗಿ ಮಂಜೂರಾದವು ಎಂದು ಕೇಳಿ. ಕನ್ನಡದಲ್ಲೇ ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ ನಕಲು ನಮಗೆ ಕಳಿಸಿ, ಇಂಗ್ಲಿಷಿನಲ್ಲಿ ಬಂದಿದ್ದರೆ ಮರೆಯದೆ ಕಳಿಸಿ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅಧಿಕಾರಿಯ ಸಹಿ ಸಮೇತ ಅಚ್ಚು ಹಾಕುತ್ತೇವೆ.